ಹೊಳೆಯ ಗಂಡನ ಮನೆ

ಗುರಿ ಮುಟ್ಟಿದ ಅಂಗಡಿಕಾರರನ್ನು ಗೊಬ್ಬರದ ಕಂಪನಿಯವರು ವಿದೇಶ ಸುತ್ತಿಸಿಕೊಂಡು ಬರುವುದು ನಮ್ಮ ಧಂದೆಯಲ್ಲಿ ಹೊಸದಲ್ಲ. ಬಾಡಗಂಡಿಯಲ್ಲಿ ನನ್ನದು ಗೊಬ್ಬರ, ಬೀಜದ ಅಂಗಡಿ. ಹಿಂದೆಲ್ಲ ಗೆಳೆಯರ ಜೊತೆ ಹೋಗಿ ಬಂದಿದ್ದೆ. ಈ ಸಲದ ಟಿಕೀಟು ಮಾತ್ರ ಜೋಡಿಗೆ, ಅದೂ ಹಡಗಿನಲ್ಲಿ. ಸಿಂಗಪುರದಿಂದ ಹೊರಟು, ಪೆನಾಂಗ್ ಎಂಬ ಊರಲ್ಲಿ ಒಂದು ಹಗಲು ನಿಂತು, ವಾಪಸು. ಹೆಂಡತಿ ಅನ್ನವ್ವನನ್ನು ಕರೆದುಕೊಂಡು ಹೋಗದೆ ಗತಿಯಿರಲಿಲ್ಲ. ಹೀಗೆ ಅಂದರೆ ಅವಳಿಗೆ ಸಿಟ್ಟು ಬರುತ್ತದೆ, ಅದಕ್ಕೇ ಅನ್ನುತ್ತೇನೆ.

ಹೊರಡುವ ಮುಂಜಾನೆ ನಮ್ಮವ್ವ ಕಸ್ತೂರೆವ್ವ ಸೊಸೆಯ ಕೈಗೆ ಒಂದು ಗಂಟು ಕೊಟ್ಟಳು. ಬಿಚ್ಚಿ ನೋಡಿದರೆ ಕುಪ್ಪಸದ ಒಂದು ಹಸಿರು ಖಣ, ಬಳೆ, ಅರಿಷಿಣ ಕುಂಕುಮ, ಸ್ಟೀಲಿನ ಡಬ್ಬಿ ತುಂಬ ಶೇಂಗಾ ಹೋಳಿಗೆ.

“ಸಮುದ್ರಕ್ಕ ಹೊಂಟೀರಿ. ನಮ್ಮ ಹೊಳಿ ಗಂಡನ ಮನಿ ಅದ ಅಲ್ಲೇನು? ಮಗಳ ಮನಿಗೆ ಬರಿಗೈಲೆ ಹೋಗಬಾರದು. ನಿನ್ನ ಕೈಯಾರೆ ಕೊಟ್ಟು ಬಾ ಅನ್ನವ್ವ” ಅಂದಳು.

ನಾನು ದಂಗಾದೆ. ಆಲಮಟ್ಟಿಯ ಹಿನ್ನೀರಲ್ಲಿ ನಮ್ಮ ಹಳೆಯ ಊರು ಮುಳುಗಿದ ಮೇಲೆ ಅವ್ವ ಕೃಷ್ಣೆಯ ಮುಖ ನೋಡಿದವಳಲ್ಲ. ಓಣಿಯ ಹೆಂಗಸರೆಲ್ಲ ಗಂಗಿಪೂಜೆಗೆಂದು ಹೊಳೆಗೆ ಹೋದರೆ ಇವಳು ಕದ ಹಾಕಿಕೊಂಡು ಒಳಗೆ ಕೂಡುವಳು. ‘ನನ್ನ ಮನಿ ನುಂಗಿದಾಕಿ’ ಎನ್ನುವುದು ಬಿಟ್ಟರೆ ಹೊಳೆಗೆ ಅವಳ ಬಾಯಲ್ಲಿ ಬೇರೆ ಹೆಸರಿಲ್ಲ.

“ಆಕಿ ಕೂಡ ಮಾತು ಬಿಟ್ಟೀಯಲ್ಲ ಯವ್ವಾ?”

“ಜಗಳ ನಂದು ಆಕೀದು. ಅದಕ್ಕಂತ ಬೀಗರ ಮುಂದ ಮರ್ಯಾದಿ ಕಳಕೊಳ್ಳಲೇನು?”

ನನಗೆ ನಗು ಬಂತು. ಅನ್ನವ್ವ ನಗಲಿಲ್ಲ. ವಿಮಾನದಲ್ಲಿ ಮೆಲ್ಲಗೆ ಹೇಳಿದಳು: “ಅತ್ತಿ ಮನಸು ಕರಗಾಕತ್ತೈತ್ರಿ. ಇದು ಮುಟ್ಟಲಿಲ್ಲಂದ್ರ ಮತ್ತ ಕಲ್ಲಾಕ್ಕೈತಿ. ಸಾಯೂತನ ಆಕಿ ಹೊಳಿ ದಂಡಿಗೆ ಬರಂಗಿಲ್ಲ.” ಆಗ ನನ್ನ ನಗುವೂ ನಿಂತಿತು.

ಹಡಗು ಅಂದರೆ ಹಡಗಲ್ಲ, ತೇಲುವ ಪೇಟೆ. ಸುತ್ತ ನಾಲ್ಕೂ ದಿಕ್ಕಿಗೆ ಸಮುದ್ರ, ಮುಟ್ಟಲು ಒಂದು ಹನಿ ಸಿಗದು. ನೀರು ಎಲ್ಲೋ ಹತ್ತು ಮಾಳಿಗೆ ಕೆಳಗೆ. ಏನನ್ನೂ ಎಸೆಯಬಾರದೆಂದು ಹೆಜ್ಜೆಗೊಂದು ಫಲಕ. ಹಡಗಿನ ಈಜುಕೊಳ ತೋರಿಸಿ “ಇದರಾಗ ಬಿಟ್ಟು ಕೈ ತೊಳಕೋ” ಅಂದೆ. ಅನ್ನವ್ವ ಗಂಟು ಎದೆಗೆ ಅವಚಿಕೊಂಡು ಕೋಣೆಗೆ ನಡೆದುಬಿಟ್ಟಳು. ಹೀಗಾಗಿ ಉಳಿದದ್ದು ಪೆನಾಂಗ್ ಒಂದೇ.

ಅಲ್ಲಿ ಇಳಿದಾಗ ನಮ್ಮನ್ನು ಕರೆತಂದ ಟೂರಿನ ಹುಡುಗಿ ಪೂನಮ್ ಎಲ್ಲರನ್ನೂ ಮಾಲ್‌ಗೆ ಹೋಗುವ ಬಸ್ಸಿಗೆ ಹತ್ತಿಸತೊಡಗಿದಳು. ನಾವು ಬರುವುದಿಲ್ಲ ಅಂದಾಗ ಕೈಗಡಿಯಾರ ಮುಟ್ಟಿ ತೋರಿಸಿದಳು. “ಅಂಕಲ್, ನಾಲ್ಕಕ್ಕೆ ಹಡಗಿನೊಳಗೆ ಇರಬೇಕು. ಅದು ಯಾರಿಗೂ ಕಾಯೋದಿಲ್ಲ.” ಜಮಖಂಡಿ ಬಸ್ಸಾದರೂ ಕೈ ಮಾಡಿದರೆ ನಿಲ್ಲುತ್ತದೆ. ನಾನು ಆಗಲೇ ಗಡಿಯಾರ ನೋಡತೊಡಗಿದೆ.

ಊರು ಮಾತ್ರ ಚೆಂದ, ಸುಳ್ಳೇಕೆ ಹೇಳಲಿ. ಪ್ಲಾಸ್ಟಿಕ್ ಹೂ ಹೊತ್ತ ಮೂರು ಗಾಲಿಯ ಸೈಕಲ್ ಗಾಡಿಗಳು, ಅವುಗಳಲ್ಲಿ ಕಿವಿ ಕಿತ್ತುಹೋಗುವಂಥ ಹಾಡು. ಒಂದು ಬೀದಿಯಲ್ಲಿ ಚೀನೀ ಗುಡಿಯ ಊದುಬತ್ತಿ ಹೊಗೆ, ಮುಂದಿನದರಲ್ಲಿ ಮಸೂತಿ, ಅದನ್ನು ದಾಟಿದರೆ ತಮಿಳರ ಮಲ್ಲಿಗೆ ಅಂಗಡಿ. ಕಾಲುಹಾದಿಯಲ್ಲೇ ಬೆಂಕಿ ಎಬ್ಬಿಸಿ ಬಾಣಲೆಯಲ್ಲಿ ಶಾವಿಗೆಯಂಥದನ್ನು ಚಿಮ್ಮಿಸಿ ಹುರಿಯುತ್ತಿದ್ದರು. ಅನ್ನವ್ವ ಮಲ್ಲಿಗೆ ಮುಡಿದು, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು, ಬೀಗರ ಊರಿಗೆ ಬಂದವಳ ಗತ್ತಿನಲ್ಲೇ ನಡೆದಳು.

ಸಮುದ್ರ ಸಿಕ್ಕಿತು, ಆದರೆ ಎತ್ತರದ ಗೋಡೆಯ ಆಚೆ. ಕೆಳಗೆ ಬಂಡೆ, ಬಂಡೆಗೆ ಬಡಿಯುವ ತೆರೆ. ಇಳಿಯಲು ದಾರಿಯಿಲ್ಲ.

“ಇಲ್ಲಿಂದನ ಒಗದುಬಿಡು. ಮುಟ್ಟಿದಂಗ ಆತು.”

“ಮಗಳ ಮನಿಗೆ ಹೋಗಿ ಕಾಂಪೌಂಡ ಮ್ಯಾಲಿಂದ ಖಣ ಒಗದು ಬರ್ತಾರೇನ್ರೀ?”

ಗೋಡೆಗುಂಟ ಮುಂದೆ ನಡೆದೆವು. ಹಾದಿಯಲ್ಲಿ ಹೂ ಮಾರುತ್ತಿದ್ದ ತಮಿಳು ಹೆಂಗಸಿಗೆ ಅನ್ನವ್ವ ಗಂಟು ಬಿಚ್ಚಿ ತೋರಿಸಿ, ಸಮುದ್ರದತ್ತ ಕೈ ಮಾಡಿ ಮುಗಿದಳು. ಅವಳಿಗೆ ಎಲ್ಲ ತಿಳಿಯಿತು. ದಂಡೆಗುಂಟ ಬಲಕ್ಕೆ ಹೋಗಲು ಸನ್ನೆ ಮಾಡಿದಳು.

ಅಲ್ಲೊಂದು ವಿಚಿತ್ರ ಕಂಡೆವು. ನೀರಲ್ಲಿ ಕಂಬ ನೆಟ್ಟು, ಹಲಗೆ ಹಾಸಿ, ಸಮುದ್ರದ ಮೇಲೆಯೇ ಸಾಲಾಗಿ ಮನೆ ಕಟ್ಟಿಕೊಂಡಿದ್ದರು. ನಾವು ಮನೆ ಮುಳುಗಿದ್ದಕ್ಕೆ ಊರು ಬಿಟ್ಟವರು. ಇವರು ನೀರ ಮೇಲೇ ಒಲೆ ಹೂಡಿದವರು. ಅಜ್ಜಂದಿರ ಕಾಲದಿಂದ ಹೀಗೇ ಇದ್ದ ಹಾಗಿತ್ತು. ಹಲಗೆಯ ಸಂದಿಯಲ್ಲಿ ಕೆಳಗೆ ನೀರು ಹೊಳೆಯುವುದನ್ನು ಅನ್ನವ್ವ ನಿಂತು ನಿಂತು ನೋಡಿದಳು.

ಕೊನೆಯ ಮನೆಯ ಮಗ್ಗುಲಲ್ಲಿ ನೀರಿಗೆ ಇಳಿಯುವ ಮೆಟ್ಟಿಲು. ಬಾಗಿಲಲ್ಲಿ ಚೀನೀ ಮುದುಕಿಯೊಬ್ಬಳು ಸೊಪ್ಪು ಸೋಸುತ್ತ ಕೂತಿದ್ದಳು. ನಾನು ಕೈಸನ್ನೆಯಲ್ಲಿ ಅಪ್ಪಣೆ ಕೇಳಿದೆ. ಆಕೆ ತಲೆಯಾಡಿಸಿದಳು. ಅನ್ನವ್ವ ಇಳಿದು, ನೀರಿಗೆ ಅರಿಷಿಣ ಕುಂಕುಮ ಏರಿಸಿ, ಹೋಳಿಗೆಯ ಚೂರು ಬಿಟ್ಟು, ಇನ್ನೇನು ಖಣ, ಬಳೆ ಬಿಡಬೇಕು, ಮುದುಕಿ ಎದ್ದು ಜೋರಾಗಿ ಕೈ ಬೀಸಿದಳು. ಕಂಬಕ್ಕೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲ ತೋರಿಸಿ ಬೇಡ ಬೇಡ ಅಂದಳು. ಅವಳ ಅಂಗಳ ಅದು, ತಪ್ಪೇನಿದೆ?

ಅನ್ನವ್ವ ಖಣ ಹಿಡಿದು ನಿಂತಳು. ಕಣ್ಣು ತುಂಬಿ ಬಂದವು. ನನಗೆ ಕನಿಕರವಾಯಿತು, ಜೊತೆಗೆ ಗಡಿಯಾರವೂ ಕಂಡಿತು. ಅಷ್ಟರಲ್ಲಿ ಅವಳು ದಡದಡ ಮೆಟ್ಟಿಲು ಹತ್ತಿ ಬಂದು ಮುದುಕಿಯ ಮುಂದೆ ಕೂತಳು. ಹಣೆಗೆ ಕುಂಕುಮ ಹಚ್ಚಲು ಕೈ ಎತ್ತಿದಳು.

“ಏ, ಆಕಿಗೆ ಗಂಡ ಅದಾನೋ ಇಲ್ಲೋ ಕೇಳಬೇಡೇನು?” ಅಂದೆ.

“ಸಮುದ್ರದ ಮ್ಯಾಲೆ ಮನಿ ಮಾಡಿಕೊಂಡಾಕಿ. ನಮಗ ಬೀಗತಿ ಅಂದ್ರ ಈಕೀನ. ಗಂಡನ್ನ ತಗೊಂಡು ಏನ ಮಾಡ್ತೀರಿ?”

ಕುಂಕುಮ ಹಚ್ಚಿ, ಖಣ ಬಳೆ ಉಡಿಗಿಟ್ಟು, ಡಬ್ಬಿ ಕೈಗಿತ್ತಳು. ಮುದುಕಿ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣರಳಿಸಿ, ಡಬ್ಬಿ ಸಮೇತ ಒಳಗೆ ಹೋದಳು. ಹೋದವಳು ಬರಲೇ ಇಲ್ಲ. “ಡಬ್ಬಿ ಹೋದ್ರ ಹೋಗಲಿ, ನಡಿ” ಅಂತ ನಾನು ಕುಣಿಯತೊಡಗಿದೆ. ಅನ್ನವ್ವ ಜಗ್ಗಲಿಲ್ಲ. “ಬೀಗತಿ ಬರಿ ಡಬ್ಬಿ ಹೆಂಗ ಕೊಟ್ಟಾಳು? ತಡೀರಿ.”

ಖರೆ. ಮುದುಕಿ ಡಬ್ಬಿ ತೊಳೆದು, ಒರೆಸಿ, ದುಂಡನೆಯ ಬಿಸ್ಕೀಟು ತುಂಬಿ ತಂದಳು. ನಮ್ಮ ಮುಖ ನೋಡಿ, ಮಾಂಸದ್ದಲ್ಲ ಎನ್ನುವಂತೆ ಬಿಸ್ಕೀಟಿನ ಪೊಟ್ಟಣದ ಮೇಲಿನ ಹಸಿರೆಲೆಯ ಚಿತ್ರವನ್ನೂ ತೋರಿಸಿದಳು. ಒಂದನ್ನು ಮುರಿದರೆ ಒಳಗೆ ಹೆಸರುಬೇಳೆ ಹೂರಣ! ಭಾಷೆ ಬಾರದ ಊರಿನಲ್ಲಿ ನಮ್ಮ ರೀತಿ ರಿವಾಜು ಕಂಡು ನನಗೆ ಬಹಳ ಖುಷಿಯಾಯಿತು. ಆಮೇಲೆ ಓಡಿದೆವು. ಅನ್ನವ್ವ ಸೀರೆ ಎತ್ತಿ ಕಟ್ಟಿ ನನಗಿಂತ ಮುಂದೆ ಓಡಿದಳು. ನಾವು ಹತ್ತಿದ ಹಿಂದೆಯೇ ಏಣಿ ಎಳೆದರು. ಪೂನಮ್ ಬೈಯಲು ಬಂದವಳು ಬಿಸ್ಕೀಟು ತಿಂದು ಸುಮ್ಮನಾದಳು.

ಮನೆ ಮುಟ್ಟಿದಾಗ ಅವ್ವ ಮೊದಲು ಡಬ್ಬಿಯನ್ನೇ ಕೈಯಲ್ಲಿ ತೂಗಿ ನೋಡಿದಳು. ಮುಚ್ಚಳ ತೆಗೆಯುತ್ತಿದ್ದಂತೆ ಅನ್ನವ್ವ ಬೀಗತಿಯ ಸುದ್ದಿ ಹೇಳಿದಳು.

“ಗಂಡನ ಮನ್ಯಾಗ ಹೆಂಗ ಅದಾಳ ಆಕಿ?” ಅಂದಳು ಅವ್ವ.

“ಬಾಳ ದೊಡ್ಡಾಕಿ ಆಗ್ಯಾಳ್ರಿ ಅತ್ತಿ” ಅಂದಳು ಅನ್ನವ್ವ. “ಗುರುತ ಸಿಗೂದಿಲ್ಲ. ಮಂದಿ ಆಕಿ ಮ್ಯಾಲೆ ಮನಿ ಕಟ್ಟಿಕೊಂಡು ಸುಖವಾಗಿ ಅದಾರ.”

“ಮನಿ ನುಂಗಿಲ್ಲೇನು?”

“ಇಲ್ರಿ.”

ಅವ್ವ ಸೆರಗು ಹೊದ್ದುಕೊಂಡು ಎದ್ದು ನನ್ನ ಕಡೆ ತಿರುಗಿದಳು. “ಹುಲೆಪ್ಪ, ಗಾಡಿ ತಗಿಯೋ. ಬೀಗರು ಇಷ್ಟು ಮರ್ಯಾದಿ ಮಾಡ್ಯಾರ. ಇನ್ನ ಎಷ್ಟು ದಿನ ಸೆಟಗೊಂಡು ಕುಂದ್ರಲಿ?”

ಹಿನ್ನೀರಿನ ದಂಡೆಯಲ್ಲಿ ಪಾದ ಮುಳುಗುವಷ್ಟು ನೀರಿಗೆ ಇಳಿದು, ನಮ್ಮ ಹಳೆಯ ಮನೆ ಇದ್ದ ದಿಕ್ಕಿಗೆ ಮುಖ ಮಾಡಿ ನಿಂತಳು. ಒಂದು ಬಿಸ್ಕೀಟು ಮುರಿದು ಅರ್ಧ ನೀರಿಗೆ ಬಿಟ್ಟಳು, ಅರ್ಧ ತಾನು ತಿಂದಳು. ನನಗೆ ಅಳು ತಡೆಯಲಾಗಲಿಲ್ಲ.

“ಯಾಕ ಅಳ್ತೀಯೋ ಹುಚ್ಚಪ್ಪ?” ಅಂದಳು ಅವ್ವ, ಬಾಯಿ ಒರೆಸಿಕೊಳ್ಳುತ್ತ. “ಹೂರಣ ಛಲೋ ಮಾಡ್ಯಾಳ ಬೀಗತಿ. ಬೆಲ್ಲ ಒಂಚೂರು ಕಡಿಮಿ ಆಗೈತಿ, ಅಷ್ಟ.”