ಐವಿ ಕೂಗಿದ ಮಾತು

ಭಾನುವಾರ ಹನ್ನೆರಡು ಗಂಟೆಗೆ ಐವಿ ಫಿಯರನ್ ಮಗನನ್ನು ಅಡುಗೆಮನೆಯಲ್ಲಿ ಬರಿಮೈಯಲ್ಲಿ ನಿಲ್ಲಿಸಿಕೊಂಡು ಅವನ ಎದೆಯ ಸುತ್ತ ಅಂಟುಪಟ್ಟಿ ಬಿಗಿಯುತ್ತಿದ್ದಳು. ರಸೆಲ್‌ಗೆ ಮೂವತ್ನಾಲ್ಕು. ವಾರವಿಡೀ ಕಲ್ಲುಗಣಿಯಲ್ಲಿ ದುಡಿಯುವುದು, ಭಾನುವಾರ ಸ್ಕಾರ್‌ಬೆಕ್ ರಗ್ಬಿ ಲೀಗ್ ತಂಡದ ಮುಂದಿನ ಸಾಲಿನಲ್ಲಿ ನಿಂತು ಚೆಂಡು ಬಗಲಿಗೊತ್ತಿಕೊಂಡು ಎದುರಿಗಿದ್ದವರ ಮೇಲೆ ನುಗ್ಗುವುದು. ಹದಿನಾರು ವರ್ಷದಿಂದ ಅವನ ಬದುಕು ಇಷ್ಟೇ ಆಗಿತ್ತು. ಎಡಗಡೆ, ತೋಳಿನ ಕೆಳಗೆ, ಅಂಗೈಯಗಲದ ಜಾಗ ನೇರಳೆಯಿಂದ ಹಳದಿಗೆ ತಿರುಗಿತ್ತು. ಹದಿನೈದು ದಿನದ ಹಿಂದೆ ಯಾರದೋ ಮೊಣಕಾಲು ಅಲ್ಲಿ ಹೊಕ್ಕಿತ್ತು. ಬೆರಳಿಟ್ಟು ಒತ್ತಿದರೆ ಒಳಗೆ ಕಟಕ್ಕೆನ್ನುತ್ತಿತ್ತು. ಇದು ತಾಯಿ ಮಗ ಇಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

"ಇನ್ನೂ ಎಳಿಯಮ್ಮ."

"ಇನ್ನೂ ಎಳದ್ರೆ ಉಸಿರು ಹೆಂಗೋ ಬಿಡ್ತೀಯ?"

"ಎಂಬತ್ತು ನಿಮಿಷ ತಾನೆ. ರಾತ್ರಿ ಬಿಟ್ಕೋತೀನಿ."

"ತಂಡದ ಡಾಕ್ಟರಮ್ಮಂಗೆ ಒಂದು ಮಾತು ಹೇಳೋ."

"ಹೇಳಿದ್ರೆ ಆಡಕ್ಕೆ ಬಿಡಲ್ಲ. ಮಾಸ್‌ಗಿಲ್ ಮೇಲೆ ಆಡದೆ ಇನ್ಯಾರ ಮೇಲಮ್ಮ ಆಡ್ಲಿ? ಒಂಬತ್ತು ವರ್ಷ ಆಯ್ತು ಅವರನ್ನ ಸೋಲ್ಸಿ." ರಸೆಲ್ ಅಂಗಿ ತಲೆಗೆ ಏರಿಸಿಕೊಳ್ಳುವಾಗ ತುಟಿ ಕಚ್ಚಿದ್ದನ್ನು ಐವಿ ನೋಡಿದಳು. "ಯಾರ ಹತ್ರಾನೂ ಬಾಯಿ ಬಿಡಬೇಡ. ವಿಲ್ಫ್ ಹತ್ರಾನೂ."

ಐವಿ ಮಾತು ಕೊಟ್ಟಳು. ನಿಜ ಹೇಳಬೇಕೆಂದರೆ ಅವಳಿಗೂ ಅವನು ಆಡಲೆಂದೇ ಇತ್ತು. ಮಾಸ್‌ಗಿಲ್ ಎಂದರೆ ಕರಾವಳಿಯ ರಸ್ತೆಯಲ್ಲಿ ಏಳು ಮೈಲಿ ಆಚೆಗಿನ ಊರು. ಅವರ ಗಣಿ ಮುಚ್ಚಿದಾಗ ಸ್ಕಾರ್‌ಬೆಕ್‌ನವರು ನಕ್ಕಿದ್ದರು, ಇವರ ಉಕ್ಕಿನ ಕಾರ್ಖಾನೆ ಮುಚ್ಚಿದಾಗ ಅವರು ನಕ್ಕಿದ್ದರು. ಆ ಊರಿನವರ ಕೈಯಲ್ಲಿ ಸೋತ ಭಾನುವಾರ ಐವಿಗೆ ರಾತ್ರಿಯ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮೈದಾನದಲ್ಲಿ ಆ ದಿನ ನೂರ ಎಂಬತ್ತೇಳು ಜನ. ಆರು ಸಾವಿರ ಮಂದಿ ನಿಲ್ಲಲೆಂದು ಕಟ್ಟಿದ ಮೆಟ್ಟಿಲುಗಳ ಮೇಲೆ ಅಲ್ಲೊಬ್ಬರು ಇಲ್ಲಿಬ್ಬರು ಚೆಲ್ಲಿದಂತೆ ನಿಂತಿದ್ದರು. ಅಷ್ಟು ಕಡಿಮೆ ಜನರಿದ್ದಾಗ ಮೈದಾನದ ಸದ್ದೇ ಬೇರೆ. ಭುಜಕ್ಕೆ ಭುಜ ಬಡಿದರೆ ಕಟುಕನ ಹಲಗೆಯ ಮೇಲೆ ಮಾಂಸ ಕುಕ್ಕಿದಂತೆ ಕೇಳುತ್ತಿತ್ತು. ಆಟಗಾರರ ಬೈಗುಳ, ರೆಫರಿಯ ಏದುಸಿರು, ಮೂಗು ಹಿಂಡಿ ರಕ್ತ ಎಸೆಯುವ ಸದ್ದು, ಎಲ್ಲವೂ ಕೇಳುತ್ತಿತ್ತು. ಹಾಗೆಯೇ ಮೆಟ್ಟಿಲ ಮೇಲಿನ ಮಾತು ಒಳಗಿನವರಿಗೂ ಕೇಳುತ್ತಿತ್ತು. ಮೈದಾನದ ನಡುಗೆರೆಯ ಹತ್ತಿರದ ಕಬ್ಬಿಣದ ಕಂಬಿಗೆ ಮೈಯೊರಗಿಸಿ ನಿಂತು, ಮೂವತ್ತೆಂಟು ವರ್ಷದಿಂದ ಕೂಗುತ್ತ ಬಂದಿದ್ದ ಐವಿಯ ಗಂಟಲನ್ನು ಲೀಗಿನ ಎಲ್ಲ ತಂಡದವರೂ ಬಲ್ಲರು.

"ಅಜ್ಜೀ, ಇನ್ನೂ ಬದುಕಿದೀಯಾ?" ಮಾಸ್‌ಗಿಲ್‌ನ ಕೀನನ್ ಬ್ರೇಡ್ ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುತ್ತ ಕಂಬಿಯ ಮುಂದೆ ಓಡಿಹೋದ. ಎರಡು ಸಲ ಮುರಿದು ಎರಡು ಸಲವೂ ಸೊಟ್ಟಗೆ ಕೂಡಿದ ಮೂಗು, ಎತ್ತಿನ ಕತ್ತು.

"ನಿನ್ನ ಹೂತು ಹೋಗೋಣ ಅಂತ ಕಾಯ್ತಿದೀನಿ ಕಣೋ."

ಕೀನನ್ ನಕ್ಕ. ಐವಿಯೂ ನಕ್ಕಳು. ಪಕ್ಕದಲ್ಲಿದ್ದ ವಿಲ್ಫ್ ಮೆಸೆಂಜರ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವಳ ಕೈಗಿಟ್ಟ. ಅದೇ ಕಂಬಿಗೆ ಒರಗಿ ನಿಂತ ವರ್ಷಗಳಲ್ಲೇ ಅವಳು ಗಂಡನನ್ನು, ಅವನು ಹೆಂಡತಿಯನ್ನು ಕಳೆದುಕೊಂಡಿದ್ದರು.

ಆಟ ಶುರುವಾದ ಮೊದಲ ನಿಮಿಷಕ್ಕೇ ರಸೆಲ್ ಚೆಂಡು ಹಿಡಿದು ನೆಟ್ಟಗೆ ಕೀನನ್ ಮೇಲೆ ಓಡಿದ. ತಲೆಗೆ ತಲೆ ಹೊಡೆಯಿತು. ಕೀನನ್‌ನ ಹುಬ್ಬು ಸೀಳಿ ರಕ್ತ ಅವನ ಬಾಯಿಗೇ ಇಳಿಯಿತು. ಅವನು ಅದನ್ನು ನೆಕ್ಕಿಕೊಂಡು ಮುಂದಿನ ಹಿಡಿತದಲ್ಲಿ ಸ್ಕಾರ್‌ಬೆಕ್‌ನವನೊಬ್ಬನನ್ನು ಎತ್ತಿ ಹೆಗಲು ನೆಲಕ್ಕೆ ಬಡಿಯುವಂತೆ ಕೆಡವಿದ. ಅಲ್ಲಿಂದ ಅರ್ಧ ಗಂಟೆ ಒಬ್ಬರನ್ನೊಬ್ಬರು ಮಣ್ಣಿಗೆ ತುಳಿದರು. ಒಬ್ಬನ ದವಡೆ ಕಳಚಿತು, ಒಬ್ಬ ನಡೆಯುತ್ತಲೇ ದಿಕ್ಕು ತಪ್ಪಿ ಎದುರಾಳಿಗಳ ಬೆಂಚಿನಲ್ಲಿ ಹೋಗಿ ಕುಳಿತ. ಐವಿಗೆ ಮೈಯೆಲ್ಲ ಬಿಸಿಯಾಗಿತ್ತು. "ಕೆಡವ್ರೋ ಅವನನ್ನ. ಅಲ್ಲೇ ಕೆಡವಿ ತುಳೀರೋ" ಎಂದು ಅವಳು ಕೂಗಿದಾಗ ಮೆಟ್ಟಿಲ ತುದಿಯಲ್ಲಿದ್ದ ಮಕ್ಕಳು ತಿರುಗಿ ನೋಡಿದವು.

ಮೂವತ್ತೆರಡನೆಯ ನಿಮಿಷದಲ್ಲಿ ಮೂವರು ಸೇರಿ ರಸೆಲ್‌ನನ್ನು ಹಿಡಿದು ಮಡಚಿದರು. ಅವರು ಎದ್ದರೂ ಅವನು ಏಳಲಿಲ್ಲ. ಮಂಡಿಯೂರಿ, ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಹುಲ್ಲು ನೋಡುತ್ತ ಕುಳಿತ. ರೆಫರಿ ಗಡಿಯಾರ ನಿಲ್ಲಿಸಿದ. ಗಾಳಿಯೂ ನಿಂತಂತಿತ್ತು. ಮೈದಾನದಲ್ಲಿ ಒಂದು ಉಸಿರಿಲ್ಲ.

"ಎಡ ಪಕ್ಕೆ ಜೋಪಾನ ಕಣೋ ರಸೆಲ್."

ಮಾತು ಹೊರಬಿದ್ದ ಮೇಲೆ ಅದು ತನ್ನದೇ ಎಂದು ಐವಿಗೆ ಗೊತ್ತಾಯಿತು. ಐದು ಸಾವಿರ ಜನರಿದ್ದಿದ್ದರೆ ಪಕ್ಕದ ವಿಲ್ಫ್‌ಗೂ ಕೇಳಿಸುತ್ತಿರಲಿಲ್ಲ. ಆಚೆಕಡೆಯ ತಗಡಿನ ಚಾವಣಿಗೆ ತಾಗಿ ಮಾತು ವಾಪಸು ಬಂತು. ರಸೆಲ್ ತಲೆಯೆತ್ತಲಿಲ್ಲ. ಕೀನನ್ ಬ್ರೇಡ್ ತಲೆಯೆತ್ತಿದ. ಐವಿಯನ್ನೇ ನೋಡಿ, ಎರಡು ಬೆರಳಿನಿಂದ ತನ್ನ ಎಡ ಪಕ್ಕೆಯನ್ನು ತಟ್ಟಿಕೊಂಡು, ತನ್ನವರ ಕಡೆ ತಿರುಗಿ ಏನೋ ಹೇಳಿದ.

"ಅವನ ಪಕ್ಕೆಗೇನಾಗಿದೆ?" ವಿಲ್ಫ್ ಕೇಳಿದ.

"ಏನೂ ಇಲ್ಲ."

"ಐವಿ."

"ಎರಡು ಮುರಿದಿದೆ. ಸುಮ್ನಿರು."

ವಿರಾಮದ ಹೊತ್ತಿಗೆ ಮಾಸ್‌ಗಿಲ್ ಹನ್ನೆರಡು, ಸ್ಕಾರ್‌ಬೆಕ್ ಆರು. ಐವಿ ಕೂಗಿದ ಮೇಲೆ ರಸೆಲ್ ನಾಲ್ಕು ಸಲ ಚೆಂಡು ಹೊತ್ತಿದ್ದ. ನಾಲ್ಕೂ ಸಲ ಯಾರಾದರೊಬ್ಬರ ಭುಜ ಎಡಗಡೆಗೇ ಬಂದಿತ್ತು. ಕಂಡೂ ಕಾಣದಂಥ ಹೊಡೆತ. ಹಿಡಿದು ಬೀಳಿಸುವಾಗ ಮೇಲೆ ಬೀಳುವವನು ಮೊಣಕೈ ಮೊದಲು ಮಾಡಿ ಬೀಳುವುದು. ರೆಫರಿ ಸೀಟಿ ಊದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಆಟಗಾರರು ಒಳಗೆ ಹೋಗುವ ದಾರಿ ಮೆಟ್ಟಿಲ ಬದಿಯಲ್ಲೇ. ಐವಿ ಕಂಬಿಗೆ ಆತುಕೊಂಡು ಕಾದಳು. ಕೀನನ್ ಬಂದಾಗ ಅವನ ತೋಳು ಹಿಡಿದಳು. ಬೆವರು, ಮಣ್ಣು, ರಕ್ತ ಕೂಡಿ ತೋಳು ಜಾರುತ್ತಿತ್ತು.

"ಅವನು ನನ್ನ ಮಗ."

"ಗೊತ್ತಜ್ಜಿ. ಒಳ್ಳೆ ಆಟಗಾರ."

"ನಿಂಗೂ ತಾಯಿ ಇಲ್ವೇನೋ?"

"ಇದಾಳೆ. ಮನೇಲಿ ಬಾಯ್ ಮುಚ್ಕೊಂಡು ಕೂತಿರ್ತಾಳೆ." ಅವನು ತೋಳು ಬಿಡಿಸಿಕೊಂಡ. ದನಿಯಲ್ಲಿ ಕೊಂಕಿರಲಿಲ್ಲ, ಅದೇ ಐವಿಯನ್ನು ಚುಚ್ಚಿತು. ಅವನ ಜಾಗದಲ್ಲಿ ರಸೆಲ್ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದ. ಮಾಡು ಎಂದು ಮೊದಲು ಕೂಗುವವಳು ಅವಳೇ.

ರಸೆಲ್ ಎಲ್ಲರಿಗಿಂತ ಹಿಂದೆ ಬಂದ. ಮುಖ ಸುಣ್ಣದಂತೆ ಬಿಳಿಚಿತ್ತು.

"ರಸೆಲ್, ಸಾಕು ಕಣೋ. ಡಾಕ್ಟರಮ್ಮ ಅಲ್ಲೇ ಇದಾರೆ, ನಾನು..."

"ನೀನು ಇನ್ನೊಂದು ಮಾತಾಡಿದ್ರೆ," ಮಗ ಪಿಸುಗುಟ್ಟಿದ, ಗಟ್ಟಿಯಾಗಿ ಹೇಳಲು ಅವನಿಗೆ ಉಸಿರಿರಲಿಲ್ಲ, "ನಾನು ನಿನ್ನ ಮನೆ ಮೆಟ್ಟಿಲು ಹತ್ತಲ್ಲ."

ವಿರಾಮದಲ್ಲಿ ಊರಿನವರೆಲ್ಲ ಕೊಡೆ, ಫ್ಲಾಸ್ಕು ಎತ್ತಿಕೊಂಡು ತಮ್ಮ ತಂಡ ದಾಳಿ ಮಾಡುವ ತುದಿಗೆ ನಡೆದು ಹೋಗುವುದು ವಾಡಿಕೆ. ಐವಿ ಕದಲಲಿಲ್ಲ. ವಿಲ್ಫ್ ಎರಡು ಹೆಜ್ಜೆ ಹೋಗಿ ಅವಳಿಗಾಗಿ ವಾಪಸು ಬಂದ.

"ಹೋಗಿ ಹೇಳು ಐವಿ. ಅವನು ಕೋಪ ಮಾಡ್ಕೊಂಡ್ರೆ ಮಾಡ್ಕೊಳ್ಳಿ."

"ನೋಡೋಣ. ಸ್ವಲ್ಪ ಹೊತ್ತು ನೋಡೋಣ."

ಎರಡನೆಯ ಅರ್ಧದಲ್ಲಿ ಸ್ಕಾರ್‌ಬೆಕ್ ಹುಚ್ಚು ಹಿಡಿದಂತೆ ಆಡಿತು. ಒಬ್ಬ ಗೆರೆ ದಾಟಿ ಚೆಂಡು ಊರಿದ, ಹತ್ತು ನಿಮಿಷಕ್ಕೆ ಇನ್ನೊಬ್ಬ ಊರಿದ, ಮಾಸ್‌ಗಿಲ್‌ನವರಿಗೆ ಊರಲು ಸಿಕ್ಕಿದ್ದು ಒಂದೇ ಸಲ. ನಡುವೆ ದೊಡ್ಡ ಹೊಡೆದಾಟವೇ ಆಯಿತು. ಇಪ್ಪತ್ತಾರು ಮಂದಿ ಒಂದೇ ಗುಂಪಾಗಿ, ಮುಷ್ಟಿಗಳು ಮುಖದ ಮೇಲೆ ಬೀಳುವ ಸದ್ದು ಒದ್ದೆ ಬಟ್ಟೆ ಒಗೆದಂತೆ ಕೇಳಿತು. ರಸೆಲ್ ಬಲಗೈಯೊಂದರಲ್ಲೇ ಕೀನನ್‌ನ ಬಾಯಿಗೆ ಹೊಡೆದ. ಕೀನನ್ ಹಲ್ಲು ಉಗಿದು, ಎಡ ಪಕ್ಕೆಗೆ ಒಂದೇ ಒಂದು ಗುದ್ದು ಕೊಟ್ಟ. ರಸೆಲ್ ನಾಯಿ ಕುಂಯ್‌ಗುಟ್ಟಿದಂಥ ಸದ್ದು ಮಾಡಿ ಬಾಗಿದವನು, ಮತ್ತೆ ನೆಟ್ಟಗಾಗಿ ಸಾಲಿಗೆ ಬಂದು ನಿಂತ.

ಹದಿನೆಂಟು, ಹದಿನಾರು. ಸ್ಕಾರ್‌ಬೆಕ್ ಮುಂದೆ. ಹನ್ನೆರಡು ನಿಮಿಷ ಬಾಕಿ. ಆಟಗಾರರನ್ನು ಬದಲಿಸುವ ಎಂಟೂ ಅವಕಾಶ ಮುಗಿದಿದ್ದವು. ಇನ್ನು ಒಬ್ಬ ಹೊರಗೆ ಬಂದರೆ ಹದಿಮೂರರ ಬದಲು ಹನ್ನೆರಡೇ ಜನ ಉಳಿಯುತ್ತಿದ್ದರು.

ಡಾಕ್ಟರಮ್ಮ ಇಪ್ಪತ್ತು ಹೆಜ್ಜೆ ದೂರದಲ್ಲಿ, ಯಾರದೋ ತಲೆಗೆ ಹೊಲಿಗೆ ಹಾಕುತ್ತಿದ್ದಳು. ಹೋಗಿ ಹೇಳಲು ಐವಿಗೆ ಕಾಲಿತ್ತು, ಬಾಯಿತ್ತು. ಅವಳು ಗಡಿಯಾರ ನೋಡಿದಳು. ಅಂಕಪಟ್ಟಿ ನೋಡಿದಳು. ಒಂಬತ್ತು ವರ್ಷ, ಎಂದುಕೊಂಡಳು. ಹನ್ನೊಂದು ನಿಮಿಷ. ಹತ್ತು. ಚೆಂಡು ತಮ್ಮವರ ಕೈಗೆ ಬಂದಾಗಲೆಲ್ಲ ರಸೆಲ್ ಚೆಂಡು ಕೇಳಿ ಪಡೆದು ನುಗ್ಗುತ್ತಿದ್ದ. ಪ್ರತಿ ಸಲ ಎಡಗಡೆಗೆ ಒಂದು ಬೀಳುತ್ತಿತ್ತು. ಅವಳು ಒಂದೊಂದನ್ನೂ ನೋಡಿದಳು, ಒಂದೊಂದಕ್ಕೂ "ಆಯ್ತು, ಇನ್ನೊಂದು ತಡ್ಕೋ" ಎಂದು ಒಳಗೇ ಹೇಳಿದಳು. ಗೆಲ್ಲಲಿ ಎಂದು ಅವಳ ಮೈಯ ಒಂದೊಂದು ಕೂದಲೂ ಬಯಸುತ್ತಿತ್ತು.

ಆರು ನಿಮಿಷ ಉಳಿದಿದ್ದಾಗ ಕೀನನ್ ಓಡಿಬಂದು, ನೆಲ ಬಿಟ್ಟು ಹಾರಿ, ಭುಜ ಮುಂದು ಮಾಡಿ ರಸೆಲ್‌ನ ಎಡ ಪಕ್ಕೆಗೆ ಅಪ್ಪಳಿಸಿದ. ಒಣಸೌದೆ ಮುರಿದ ಸದ್ದು ಮೆಟ್ಟಿಲವರೆಗೂ ಕೇಳಿತು. ರಸೆಲ್ ಎದ್ದ. ಎದ್ದು, ನಿಯಮದಂತೆ, ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ. ಸಾಲಿಗೆ ಹೋಗಲು ತಿರುಗಿದಾಗ ಕೆಮ್ಮಿದ. ಗಲ್ಲದ ಮೇಲೆ ಇಳಿದದ್ದು ನೊರೆ, ಕೆಂಪು ನೊರೆ. ತುಟಿ ಒಡೆದ ರಕ್ತ ಹಾಗಿರುವುದಿಲ್ಲವೆಂದು ಗಣಿಯವರ ಮನೆಯಲ್ಲಿ ಹುಟ್ಟಿದ ಐವಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ಬಗ್ಗಿ ಕಂಬಿಯ ಕೆಳಗೆ ನುಸುಳಿದಳು. ವಿಲ್ಫ್ ಕೋಟಿನ ಚುಂಗು ಹಿಡಿದ.

"ಈಗ ಬೇಡ ಐವಿ. ಆರೇ ನಿಮಿಷ. ಗೆದ್ದೇ ಬಿಟ್ಟಿದೀವಿ."

ಅವಳು ಅವನ ಇನ್ನೊಂದು ಕೈಯಲ್ಲಿದ್ದ ಚಹಾ ತುಂಬಿದ ಮುಚ್ಚಳವನ್ನು ಕಿತ್ತು ಅವನ ಮುಖಕ್ಕೆ ಎಸೆದಳು. ಬಿಸಿ ಚಹಾ ಬಿದ್ದು ಅವನು ಕೈ ಬಿಟ್ಟ. ಜಾಹೀರಾತಿನ ಹಲಗೆ ದಾಟಿ ಹುಲ್ಲಿಗಿಳಿದಳು. ಹಳದಿ ಕೋಟಿನ ಕಾವಲಿನವನು "ಐವಿ, ಏ ಐವಿ, ಏನ್ ಮಾಡ್ತಿದೀಯ" ಎನ್ನುತ್ತ ಬಂದು ಸೊಂಟ ಹಿಡಿದ. ಮೊಣಕೈಯಿಂದ ಅವನ ಹೊಟ್ಟೆಗೆ ಗುದ್ದಿದಳು. ಆಟ ನಡೆಯುತ್ತಿದ್ದಂತೆಯೇ ನಡುಮೈದಾನಕ್ಕೆ ನಡೆದಳು. ರಬ್ಬರ್ ಬೂಟು ಮಣ್ಣಿನಲ್ಲಿ ಹೂತು ಒಂದು ಅಲ್ಲೇ ಉಳಿಯಿತು. ರೆಫರಿ ಸೀಟಿ ಊದಿದ.

ಅವಳ ಕಡೆಯವರೇ ಕೂಗತೊಡಗಿದರು. ಒಬ್ಬೊಬ್ಬರ ದನಿಯೂ ಅವಳಿಗೆ ಗುರುತು ಸಿಗುತ್ತಿತ್ತು. "ಹೊರಗೆ ಹೋಗೇ ಮುದುಕಿ" ಎಂದದ್ದು ಬೇಕರಿಯವನು. "ಎಲ್ಲಾ ಹಾಳ್ ಮಾಡ್ತಾಳೆ" ಎಂದದ್ದು ಅವಳ ಮದುವೆಯಲ್ಲಿ ಜೊತೆಗೆ ನಿಂತಿದ್ದ ಗೆಳತಿ.

"ಅಮ್ಮ, ಹೋಗು," ರಸೆಲ್ ಅಂದ. ಗಲ್ಲವನ್ನು ತೋಳಿನಿಂದ ಒರೆಸಿಕೊಂಡ.

ಐವಿ ರೆಫರಿಯ ಮುಂದೆ ನಿಂತಳು. "ಇವನ ಪಕ್ಕೆ ಮುರಿದು ಹದಿನೈದು ದಿನ ಆಯ್ತು. ನಾನೇ ಕಟ್ಟು ಹಾಕಿ ಕಳ್ಸಿದ್ದು. ಈಗ ಶ್ವಾಸಕೋಶಕ್ಕೆ ಚುಚ್ಚಿದೆ. ಅಂಗಿ ಎತ್ತಿ ನೋಡಿ."

"ಸುಳ್ಳು," ಎಂದ ರಸೆಲ್. ಹಿಂದಕ್ಕೆ ಸರಿಯಹೋದ. ಅವಳು ಅಂಗಿಗೆ ಕೈ ಹಾಕಿದಳು, ಅವನು ಕೈ ತಳ್ಳಿದ, ಅವಳು ಕೆಸರಿನಲ್ಲಿ ಕುಕ್ಕರಿಸಿ ಬಿದ್ದಳು. ಅವಳನ್ನು ಎತ್ತಿದ್ದು ಕೀನನ್ ಬ್ರೇಡ್. ಎತ್ತಿ ನಿಲ್ಲಿಸಿ, ಮುಂದಿನ ಹಲ್ಲಿಲ್ಲದ ಬಾಯಿಂದ ರೆಫರಿಗೆ ಹೇಳಿದ: "ಅಜ್ಜಿ ಹೇಳ್ತಿರೋದು ನಿಜ. ಮುರಿದದ್ದು ನನ್ನ ಭುಜಕ್ಕೇ ಗೊತ್ತಾಯ್ತು."

ಆ ಕೊನೆಯ ಮಾತು ಕೇಳಿದ ಮೇಲೆ ರಸೆಲ್ ಹುಲ್ಲಿನ ಮೇಲೆ ಕುಸಿದ.

ಆಂಬುಲೆನ್ಸ್ ಚಾವಣಿಯ ಹಿಂದೆ ನಿಂತಿತ್ತು. ಡಾಕ್ಟರಮ್ಮ ಅಂಟುಪಟ್ಟಿಯನ್ನು ಕತ್ತರಿಸಿ ತೆಗೆದು, ಎದೆಗೆ ದಪ್ಪ ಸೂಜಿ ಚುಚ್ಚಿದಳು. ಸಿಕ್ಕಿಬಿದ್ದ ಗಾಳಿ ಟಯರಿನಿಂದ ಹೊರಬಂದಂತೆ ಬಂತು. "ಹಳೇದು ಎರಡು," ಎಂದಳು, ಬೆರಳಿನಿಂದ ತಡವುತ್ತ. "ಈ ಮೂರು ಇವತ್ತಿನವು." ಐವಿಯನ್ನು ಒಮ್ಮೆ ನೋಡಿ ಸೂಜಿಯ ಸುತ್ತ ಪಟ್ಟಿ ಅಂಟಿಸತೊಡಗಿದಳು.

ಆ ಮೂರು ಯಾರ ಲೆಕ್ಕಕ್ಕೆ ಸೇರಿದವೆಂದು ಐವಿಗೆ ಗೊತ್ತಿತ್ತು. ಒಂದು ತಾನು ಬಾಯಿ ತಪ್ಪಿ ಕೂಗಿದ್ದಕ್ಕೆ. ಉಳಿದ ಎರಡು ಬಾಯಿ ಮುಚ್ಚಿಕೊಂಡು ಗಡಿಯಾರ ನೋಡಿದ್ದಕ್ಕೆ.

ಆಟ ಇನ್ನೂ ನಡೆಯುತ್ತಿತ್ತು. ಮಲಗಿದಲ್ಲಿಂದಲೇ ರಸೆಲ್ ಕಿವಿಗೊಟ್ಟು ಕೇಳುತ್ತಿದ್ದ. ತಗಡಿನಾಚೆ ಮೈಗೆ ಮೈ ಬಡಿಯುವ ಸದ್ದು, ಕೂಗು, ಸೀಟಿ. ಕೊನೆಗೆ ಆಟ ಮುಗಿದ ಕೊಂಬು ಮೊಳಗುವುದಕ್ಕೆ ಸ್ವಲ್ಪ ಮುಂಚೆ ಒಮ್ಮೆಲೇ ಗದ್ದಲವೆದ್ದಿತು. ದೊಡ್ಡ ಗದ್ದಲವಲ್ಲ. ಇಪ್ಪತ್ತು ಗಂಟಲಿನದು. ಮಾಸ್‌ಗಿಲ್‌ನಿಂದ ಬಂದಿದ್ದವರು ಅಷ್ಟೇ ಜನ.

ರಸೆಲ್ ಕಣ್ಣು ಮುಚ್ಚಿದ. ಅವನ ಕೈ ಐವಿಯ ಕೈಯೊಳಗಿತ್ತು. ಅದನ್ನು ಎಳೆದುಕೊಂಡ.

"ಬಿಡಮ್ಮ."

ಅವಳು ಬಿಡಲಿಲ್ಲ. ಅವನು ಇನ್ನೊಮ್ಮೆ ಎಳೆದ, ನೋವಿಗೆ ನರಳಿದ, ಆದರೂ ಎಳೆದ. ಉಗುರು ಅವಳ ಅಂಗೈಗೆ ಇಳಿಯಿತು.

"ಕಿತ್ಕೋ," ಎಂದಳು ಐವಿ. "ಶಕ್ತಿ ಇದ್ರೆ ಕಿತ್ಕೋ."

ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಆಸ್ಪತ್ರೆ ಹದಿನೆಂಟು ಮೈಲಿ. ದಾರಿಯುದ್ದಕ್ಕೂ ಅವನು ಕೈ ಕಿತ್ತುಕೊಳ್ಳಲು ನೋಡುತ್ತಲೇ ಇದ್ದ, ಅವಳು ಹಿಡಿದುಕೊಂಡೇ ಇದ್ದಳು.