ಚೀಲದ ಮೇಲೆ ಕೂತ ಜೇನು

ಹದಿನಾಲ್ಕು ವರ್ಷದ ಸಿಂಚನಳಿಗೆ ಜಯಪುರದ ಅನ್ನಮ್ಮನದು ಮೂರನೆಯ ಸಾಕುಮನೆ. ಶನಿವಾರ ಶಾಲೆಯಲ್ಲಿ "ದಿಕ್ಕಿಲ್ಲದವಳು" ಎಂದ ಹುಡುಗಿಯ ಕೆನ್ನೆಗೆ ಬಾರಿಸಿ ಬಂದಿದ್ದಳು. ಹಿಂದಿನ ಎರಡು ಮನೆಯವರೂ ಇಂಥದ್ದಕ್ಕೇ ಅವಳನ್ನು ವಾಪಸ್ ಕಳಿಸಿದ್ದರು. ಅದಕ್ಕೇ ಯಾರೂ ಹೇಳುವ ಮೊದಲೇ ಬಟ್ಟೆ ತುಂಬಿ, ಚೀಲವನ್ನು ಜಗಲಿಯ ಗೂಟಕ್ಕೆ ನೇತುಹಾಕಿದ್ದಳು.

ಭಾನುವಾರ ಬಿಸಿಲೇರಿದ ಮೇಲೆ ಹೊರಗೆ ಬಂದರೆ ಚೀಲವೇ ಕಾಣಲಿಲ್ಲ. ಸಾವಿರಾರು ಜೇನುಹುಳಗಳು ಅದನ್ನು ಮುಚ್ಚಿ, ಒಂದೇ ಜೀವದ ಹಾಗೆ ಉಸಿರಾಡುತ್ತಿದ್ದವು.

"ಹೆದರಬೇಡ ಮಾರಾಯ್ತಿ, ಮನೆ ಹುಡುಕಿ ಹೊರಟ ಹುಳ ಕಚ್ಚೋದು ಕಡಿಮೆ," ಎಂದ ಅನ್ನಮ್ಮ ಬರಿಗೈಯನ್ನು ಮೆಲ್ಲಗೆ ಒಳಗೆ ತೂರಿಸಿ, ರಾಣಿಯನ್ನು ಹುಡುಕಿ, ಪಕ್ಕದಲ್ಲೇ ತಂದಿಟ್ಟಿದ್ದ ಖಾಲಿ ಜೇನುಪೆಟ್ಟಿಗೆಗೆ ಬಿಟ್ಟಳು. ಉಳಿದವೆಲ್ಲ ನೀರು ಹರಿದಂತೆ ಅವಳ ತೋಳಿನ ಮೇಲಿಂದಲೇ ಪೆಟ್ಟಿಗೆಗೆ ನಡೆದವು. ಸಿಂಚನ ಉಸಿರು ಬಿಗಿಹಿಡಿದು, ಹೊಡೆದ ಅದೇ ಕೈಯನ್ನು ಚಾಚಿದಳು. ಹುಳಗಳು ಅದರ ಮೇಲೂ ನಡೆದವು, ಒಂದೂ ಕಚ್ಚಲಿಲ್ಲ.

"ಇವು ಮತ್ತೆ ಓಡಿ ಹೋದ್ರೆ, ದೊಡ್ಡಮ್ಮ?"

"ಹೋಗ್ಬಹುದು. ಬಂದ ಜೇನನ್ನ ನಾವಾಗಿ ಅಟ್ಟೋದಿಲ್ಲ, ಅಷ್ಟೆ. ನಾಳೆ ಆ ಹುಡುಗಿ ಮನೆಗೆ ಹೋಗಿ ತಪ್ಪಾಯ್ತು ಅನ್ನು, ನಾನೂ ಬತ್ತೆ. ಈಗ ಚೀಲ ಒಳಗಿಡು."

ಚೀಲಕ್ಕೆ ಇನ್ನೂ ಒಂದೆರಡು ಹುಳ ಅಂಟಿದ್ದವು. ಅವು ತಾವಾಗಿ ಏಳುವ ತನಕ ಸಿಂಚನ ಕಾದಳು. ಆಮೇಲೆ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು.