ಟೈಮರ್ ಬಿಡದ ವಿಳಾಸ

ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳನ್ನು ಉಳಿಸಿಡುವ ಯಂತ್ರಕ್ಕೆ ಬೆಳಿಗ್ಗೆ ಹೊಸ ಡ್ರೈವರ್ ಹಾಕಿಸಿ ಎದುರಿನ ಆಫೀಸಿನಲ್ಲಿ ಊಟಕ್ಕೆ ಕೂತವಳಿಗೆ ತಟ್ಟನೆ ತನ್ನ ತಪ್ಪೊಂದು ಹೊಳೆಯಿತು.

ಡಿಸ್ಕಿನೊಂದಿಗೆ ವ್ಯವಹರಿಸುವ ಆ ಪ್ರೋಗ್ರಾಮ್ ಬರೆದವಳು ಅವಳೇ. ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂಬ ವಿಳಾಸವೇ ಪಾಯಿಂಟರ್. ಜಾಗ ಖಾಲಿ ಮಾಡಿದ ಕೂಡಲೇ ವಿಳಾಸವನ್ನೂ ಅಳಿಸಬೇಕು. ಈ ಶುಚಿಗೆಂದೇ ಆಫೀಸಿನವರು ಅವಳಿಗೆ 'ಪೊರಕೆ' ಎಂದು ಹೆಸರಿಟ್ಟಿದ್ದರು. ಈ ಸಲವೂ ಗುಡಿಸಿದ್ದಳು. ಆದರೆ ಬಾಕಿ ಕೆಲಸಕ್ಕೆ ಕಾಯುವ ಟೈಮರ್ ಅದೇ ವಿಳಾಸದ ಇನ್ನೊಂದು ಪ್ರತಿ ಇಟ್ಟುಕೊಂಡಿರುತ್ತದೆ. ಅದನ್ನು ಅಳಿಸಿರಲಿಲ್ಲ. ಕೆಲಸದ ನಡುವೆ ಡಿಸ್ಕ್ ಹೊರಗೆಳೆದರೆ ಮೆಮೊರಿಯ ಆ ಜಾಗ ಖಾಲಿಯಾಗಿ, ಯಾರೋ ರೋಗಿಯ ಚಿತ್ರ ಅಲ್ಲಿಗೆ ಬಂದು ಕೂರುತ್ತದೆ. ಟೈಮರ್ ಹಳೇ ವಿಳಾಸ ಹಿಡಿದು ಹೋಗಿ ಅದರ ಮೇಲೆ ಗೀಚುತ್ತದೆ. ಯಂತ್ರ ತುಟಿ ಪಿಟಕ್ಕೆನ್ನುವುದಿಲ್ಲ.

ಇವತ್ತೇ ಆ ಯಂತ್ರದ ಹಳೇ ಡಿಸ್ಕುಗಳನ್ನು ಬದಲಿಸಲು ಅವಳ ಅಣ್ಣ ಹೋಗಿದ್ದ. ಅವನು ಆಸ್ಪತ್ರೆಯಲ್ಲೇ ಟೆಕ್ನೀಷಿಯನ್. ಫೋನ್ ಎತ್ತಲಿಲ್ಲ.

ರಸ್ತೆ ದಾಟಿ, ಮೆಟ್ಟಿಲು ಹತ್ತಿ ಓಡಿದಳು. ಫ್ಯಾನುಗಳು ಭೋರೆನ್ನುವ ತಣ್ಣನೆಯ ಕೋಣೆಯಲ್ಲಿ ಅಣ್ಣ ಒಂದು ಡಿಸ್ಕಿನ ಹಿಡಿಗೆ ಬೆರಳಿಟ್ಟಿದ್ದ. ಅದರ ದೀಪ ಪಟಪಟ ಮಿನುಗುತ್ತಿತ್ತು; ಡಿಸ್ಕ್ ಇನ್ನೂ ಕೆಲಸದಲ್ಲಿತ್ತು.

"ಅಣ್ಣಾ, ಕೈ ತೆಗಿ!"

"ಏನೇ ಪೊರಕೆ, ದೆವ್ವ ಕಂಡೋಳ ಹಾಗೆ ಕಿರುಚ್ತೀಯ? ಯಂತ್ರ ನಡೆಯೋವಾಗಲೇ ಎಳೀಬಹುದು ಅಂತ ನೀನೇ ಹೇಳಿದ್ದಲ್ವಾ?"

"ಹೇಳಿದ್ದೆ. ತಪ್ಪು ಮಾಡಿದೀನಿ. ಎಳೆದ್ರೆ ಯಾರದೋ ಸ್ಕ್ಯಾನ್ ಕೆಡುತ್ತೆ, ನಮಗೆ ಗೊತ್ತೂ ಆಗಲ್ಲ."

ಅವನ ಕೈ ಮೆಲ್ಲಗೆ ಹಿಂದೆ ಸರಿಯಿತು. ಅವಳು ಉಸಿರು ಬಿಟ್ಟಳು. ಅವನು ಮಾತ್ರ ಉಸಿರು ಬಿಡಲಿಲ್ಲ. ಕಾಲ ಬಳಿಯ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಒಳಗೆ ಒಂದು ಡಿಸ್ಕ್ ಇತ್ತು.

"ಇದನ್ನ ಆಗಲೇ ತೆಗೆದೆ ಕಣೇ."

"ಆಗ ದೀಪ ಮಿನುಗ್ತಿತ್ತಾ?"

"ನೋಡಲಿಲ್ಲ. ನಿನ್ನ ಕೆಲಸ ಅಂತ ನಂಬಿದ್ದೆ."

ಸುಮ್ಮನಿದ್ದರೆ ಯಾರಿಗೂ ತಿಳಿಯದು, ಚಿತ್ರ ನೋಡಿ ಚಾಕು ಹಿಡಿಯುವ ವೈದ್ಯರಿಗೂ ಸಹ. ಗೋಡೆಯ ಫೋನ್ ತೆಗೆದಳು. ಸ್ಕ್ಯಾನ್ ವಿಭಾಗದ ನಂಬರ್ ಒತ್ತಿದಳು.

"ಸ್ಕ್ಯಾನ್ ವಿಭಾಗನಾ? ಡ್ರೈವರ್ ಬರೆದೋಳು ಮಾತಾಡ್ತಿರೋದು. ಬೆಳಿಗ್ಗೆಯಿಂದ ಸೇವ್ ಆಗಿರೋ ಯಾವ ಚಿತ್ರಾನೂ ನಂಬಬೇಡಿ."

ಆ ಕಡೆಯಿಂದ ಗಂಡು ದನಿ ಕೇಳಿತು: "ಬೆಳಗಿನ ಸ್ಕ್ಯಾನ್ ನೋಡಿ ಒಬ್ಬರನ್ನ ಆಗಲೇ ಆಪರೇಷನ್ ಥಿಯೇಟರ್‌ಗೆ ಕರ್ಕೊಂಡು ಹೋದ್ರಲ್ಲಮ್ಮಾ."

"ಹಾಗಾದ್ರೆ ಓಡಿ ಹೋಗಿ ತಡೀರಿ!" ಎಂದಳು.

ಆ ಕಡೆ ರಿಸೀವರ್ ಮೇಜಿಗೆ ಬಿದ್ದ ಸದ್ದು. ಆಮೇಲೆ ದೂರವಾಗುತ್ತಿದ್ದ ಕಾಲ ಸಪ್ಪಳ. ಅವಳು ಫೋನ್ ಇಡಲಿಲ್ಲ.